ಹಿಕ್ಮತ್ ಹೇಳಿದ ಒಂದು ‘ಏನಿಲ್ಲ’

ಒಬ್ಬರ ಮಾನವನ್ನು ಇನ್ನೊಬ್ಬರು ಮುಚ್ಚಬೇಕು ಅನ್ನುವುದನ್ನು ಹಿಕ್ಮತ್ ತಾಯಿಯ ಹಾಲಿನ ಜೊತೆಗೇ ಕುಡಿದು ಬೆಳೆದವಳು. ಅವಳಪ್ಪ ಈಜಿಪ್ಟಿನ ದಮನ್ಹೂರ್ ಎಂಬ ಊರಿನಲ್ಲಿ ಹತ್ತಿ ವ್ಯಾಪಾರಿಯೊಬ್ಬನ ಬಂಗಲೆಯ ಬಾಗಿಲು ಕಾಯುತ್ತಿದ್ದ. ಯಜಮಾನ ಕುಡಿದು ಬಿದ್ದಿದ್ದರೆ ಬಂದವರಿಗೆ “ಸಾಹೇಬರಿಗೆ ಜ್ವರ” ಅನ್ನುತ್ತಿದ್ದ. ಯಜಮಾನಿ ಜಗಳವಾಡಿ ತವರಿಗೆ ಹೋದರೆ “ಅಮ್ಮನವರ ತಾಯಿಗೆ ಮೈ ಸರಿಯಿಲ್ಲ” ಅನ್ನುತ್ತಿದ್ದ. ಮನೆಗೆ ಬಂದು ಮಕ್ಕಳನ್ನು ಕೂರಿಸಿಕೊಂಡು, “ಬೇರೆಯವರ ತಪ್ಪು ಮುಚ್ಚಿದವನ ತಪ್ಪನ್ನ ದೇವರು ಮುಚ್ತಾನೆ ಕಣ್ರೋ” ಎಂದು ಹೇಳುತ್ತಿದ್ದ. ಮಾತು ಒಳ್ಳೆಯದೇ. ಆದರೆ ಒಳ್ಳೆಯ ಮಾತಿಗೂ ಹೊತ್ತುಗೊತ್ತು ಬೇಕು. ಹಿಕ್ಮತ್ ವಿಷಯದಲ್ಲಿ ಅದು ಒಬ್ಬನ ಕಣ್ಣು ತೆಗೆಯಿತು.

ಹತ್ತೊಂಬತ್ತನೇ ವಯಸ್ಸಿಗೆ ಅವಳು ಊರಿನ ಧರ್ಮಾರ್ಥ ಕಣ್ಣಾಸ್ಪತ್ರೆಗೆ ನರ್ಸಾಗಿ ಸೇರಿದಳು. ಐವತ್ತೊಂದು ತುಂಬುವ ಹೊತ್ತಿಗೆ ಕಸ ಗುಡಿಸುವವನಿಂದ ಹಿಡಿದು ಡಾಕ್ಟರವರೆಗೆ ಎಲ್ಲರೂ ಅವಳನ್ನು ‘ಹಕೀಮಮ್ಮ’ ಎಂದೇ ಕರೆಯುತ್ತಿದ್ದರು. ಗಂಡ ಸಾಬಿರ್ ಬಸ್ ಕಂಡಕ್ಟರ್. ಬದುಕಿದ್ದಷ್ಟು ಕಾಲದಲ್ಲಿ ಮೂರು ಸಲ ಕೆಲಸ ಕಳೆದುಕೊಂಡ. ಮೂರು ಸಲವೂ ಹಿಕ್ಮತ್ ಓಣಿಯವರಿಗೆ “ರಜೆ ಮೇಲಿದ್ದಾರೆ” ಎಂದಳು. ಮೂರನೆಯ ರಜೆ ಎರಡು ವರ್ಷ ನಡೆಯಿತು. ಓಣಿಯವರಿಗೇನು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಅವರೂ ಮುಚ್ಚಿದರು. ಅಲ್ಲಿ ಬದುಕು ನಡೆಯುವುದೇ ಹಾಗೆ, ಬಹಳ ಸಲ ಚೆನ್ನಾಗಿಯೇ ನಡೆಯುತ್ತದೆ.

ಆಪರೇಷನ್ ಕೋಣೆಯಲ್ಲಿ ಅವಳ ಜಾಗ ಡಾಕ್ಟರ್ ವಸ್ಫಿಯವರ ಬಲಗೈ ಪಕ್ಕ. ಪೊರೆ ತೆಗೆಯುವುದರಲ್ಲಿ ವಸ್ಫಿಯವರದು ಎತ್ತಿದ ಕೈ. ಹಳೆಯ ಪದ್ಧತಿ ಅದು: ಕಣ್ಣಿನ ಅಂಚಿನಲ್ಲಿ ಅರ್ಧಚಂದ್ರದಂತೆ ಕೊಯ್ದು, ಪೊರೆಯ ಗಟ್ಟಿಯನ್ನು ಇಡಿಯಾಗಿ ಹೊರಗೆ ಜಾರಿಸಿ, ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿಗೆ ಹಾಕುವುದು. ಅವರು ಕೈ ಚಾಚಿದರೆ ಬೇಕಾದ ಉಪಕರಣ ಬಂದು ಕೂರಬೇಕು, ಕೂರುತ್ತಿತ್ತು. ಇಬ್ಬರೂ ಇಪ್ಪತ್ತೆಂಟು ವರ್ಷ ಒಂದೇ ಕಣ್ಣಿನ ಮೇಲೆ ಬಗ್ಗಿ ನಿಂತವರು. ಸುತ್ತಲಿನ ಹಳ್ಳಿಗಳ ಮುದುಕ ಮುದುಕಿಯರು ಅವರ ಹೆಸರು ಹೇಳಿಕೊಂಡೇ ಬಸ್ಸು ಹತ್ತುತ್ತಿದ್ದರು.

ಆ ವರ್ಷ ಚಳಿಗಾಲ ಶುರುವಾಗುವಾಗ ಯಂತ್ರ ಬಂತು. ಆಸ್ಪತ್ರೆಯ ಟ್ರಸ್ಟಿನ ಅಧ್ಯಕ್ಷ ಫಿಕ್ರಿ ಬೇ, ಕೈರೋದಲ್ಲಿ ಕಟ್ಟಡಗಳ ಗುತ್ತಿಗೆದಾರ, ಅದನ್ನು ತರಿಸಿಕೊಟ್ಟಿದ್ದ; ‘ಬೇ’ ಎಂಬುದು ಅಲ್ಲಿ ದೊಡ್ಡ ಮನುಷ್ಯರ ಹೆಸರಿಗೆ ಸೇರಿಸುವ ಗೌರವ. ಗೋಧಿಕಾಳು ಹಿಡಿಸುವಷ್ಟು ಸಣ್ಣ ತೂತು ಸಾಕು. ಸೂಜಿಯೊಂದು ಕಿವಿಗೆ ಕೇಳದ ಸದ್ದಿನಿಂದ ಪೊರೆಯನ್ನು ಒಳಗೇ ಪುಡಿ ಮಾಡಿ ಹೀರಿಬಿಡುತ್ತದೆ. ಹೊಲಿಗೆ ಬೇಡ, ಮರುದಿನವೇ ಮನೆ. ಕೈರೋದಲ್ಲಿ, ಅಲೆಕ್ಸಾಂಡ್ರಿಯಾದಲ್ಲಿ ಎಲ್ಲರೂ ಅದಕ್ಕೇ ತಿರುಗಿದ್ದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಕಿರಿಯ ಡಾಕ್ಟರುಗಳು ನಕ್ಕರು. ಐವತ್ತೇಳರ ವಸ್ಫಿ ನಕ್ಕವರ ಮುಖ ನೋಡದೆ ಅಲೆಕ್ಸಾಂಡ್ರಿಯಾಕ್ಕೆ ಹೋಗಿ ಎಂಟು ದಿನ ಹಿಂದಿನ ಬೆಂಚಿನಲ್ಲಿ ಕೂತು ಬಂದರು. ಹಿಕ್ಮತ್ ಮೂರು ದಿನ ಹೋಗಿ ಬಂದಳು. ಆಮೇಲೆ ತಿಂಗಳಿಡೀ ಕಟುಕರ ಅಂಗಡಿಯಿಂದ ಕುರಿಯ ತಲೆಗಳು ಬಂದವು. ಕಣ್ಣು ಡಾಕ್ಟರಿಗೆ, ತಲೆ ಆಸ್ಪತ್ರೆಯ ಅಡುಗೆಮನೆಗೆ. “ಡಾಕ್ಟ್ರು ಕಲಿಯೋದು ತಡವಾದಷ್ಟೂ ನಮಗೆ ಒಳ್ಳೇದು” ಎಂದು ಅಡುಗೆಯವಳು ಸಾರು ಕುದಿಸುತ್ತ ಹೇಳಿದಳು.

ಕುರಿಯ ಕಣ್ಣು ಮುಗಿದು ಮನುಷ್ಯರ ಕಣ್ಣಿಗೆ ಬರುವ ಮುಂಚಿನ ದಿನ ವಸ್ಫಿ ಹಿಕ್ಮತಳನ್ನು ಕರೆದರು.

“ನೋಡಿ ಹಕೀಮಮ್ಮ, ನಾನೀಗ ಒಂದನೇ ಕ್ಲಾಸಿನ ಹುಡುಗ. ಸೂಕ್ಷ್ಮದರ್ಶಕದಲ್ಲಿ ಸೂಜಿಯ ತುದಿ ನೋಡ್ತಾ ಇದ್ರೆ ಉಳಿದಿದ್ದು ನನಗೆ ಕಾಣಲ್ಲ. ನೀವು ಟೀವಿ ಪರದೆ ಮೇಲೆ ಪೂರ್ತಿ ಕಣ್ಣು ನೋಡ್ತೀರಿ. ಮೊದಲನೇ ಐವತ್ತು ಕಣ್ಣಿಗೆ ಹಳೇ ಉಪಕರಣದ ತಟ್ಟೆ ಪಕ್ಕದಲ್ಲೇ ಇರ್ಲಿ. ಏನಾದ್ರೂ ಎಡವಟ್ಟು ಕಂಡ್ರೆ ‘ಹಳೇ ತಟ್ಟೆ’ ಅನ್ನಿ, ಸಾಕು. ನಾನು ಯಂತ್ರ ನಿಲ್ಸಿ ಹಳೇ ದಾರಿ ಹಿಡೀತೀನಿ.”

“ನಾನು ನಿಮಗೆ ಹೇಳೋದಾ ಡಾಕ್ಟ್ರೇ?”

“ಹೇಳ್ಬೇಕು. ನಾನು ಹಟ ಮಾಡಿದ್ರೂ ಹೇಳ್ಬೇಕು. ಮಾತು ಕೊಡಿ.”

ಅವಳು ಮಾತು ಕೊಟ್ಟಳು. ಎಡವಟ್ಟು ಅಂದರೇನು ಎಂಬುದನ್ನು ಅಲೆಕ್ಸಾಂಡ್ರಿಯಾದಲ್ಲಿ ಅವಳಿಗೆ ಹತ್ತು ಸಲ ತೋರಿಸಿದ್ದರು. ಪೊರೆ ಇರುವುದು ಒಂದು ಚೀಲದೊಳಗೆ, ಈರುಳ್ಳಿಯ ಒಳಸಿಪ್ಪೆಗಿಂತ ತೆಳುವಾದ ಚೀಲ. ಅದರ ಬೆನ್ನು ಹರಿದರೆ ಕಣ್ಣು ಇದ್ದಕ್ಕಿದ್ದಂತೆ ಆಳವಾಗಿ ಕಾಣುತ್ತದೆ, ಪೊರೆಯ ತುಂಡು ಒಂದು ಮಗ್ಗುಲಿಗೆ ವಾಲುತ್ತದೆ, ಸೂಜಿ ಎಷ್ಟು ಕರೆದರೂ ಬರುವುದಿಲ್ಲ. ಆಗ ನಿಲ್ಲಿಸಬೇಕು. ನಿಲ್ಲಿಸದಿದ್ದರೆ ತುಂಡು ಕಣ್ಣಿನ ಹಿಂದಿನ ಕತ್ತಲೆಗೆ ಮುಳುಗುತ್ತದೆ. ಅಲ್ಲಿಂದ ಅದನ್ನೆತ್ತುವವರು ದಮನ್ಹೂರಿನಲ್ಲಿ ಯಾರೂ ಇಲ್ಲ.

ಕಲಿಕೆಗೆ ಸೋಮವಾರ ನಿಗದಿಯಾಯಿತು. ಸೋಮವಾರದ ಬಸ್ಸಿನಲ್ಲಿ ಬರುವವರು ಹಳ್ಳಿಯವರು. ಸಂಜೆ ವಸ್ಫಿಯವರ ಖಾಸಗಿ ಕ್ಲಿನಿಕ್ಕಿಗೆ ಬರುವ ವಕೀಲರು, ಮೇಷ್ಟ್ರುಗಳ ಕಣ್ಣಿಗೆ ಇನ್ನೂ ಹಳೆಯ ಪದ್ಧತಿಯೇ. ಯಾರೂ ಹೀಗೆಂದು ಬರೆದಿಡಲಿಲ್ಲ, ಯಾರೂ ಬಾಯಿಬಿಟ್ಟು ಹೇಳಲೂ ಇಲ್ಲ. ಹಳ್ಳಿಯವರಿಗೆ “ಹೊಸ ಯಂತ್ರ ಬಂದಿದೆ, ನಿಮ್ಮ ಪುಣ್ಯ” ಎಂದರು. ಯಂತ್ರದ ಹಿಂದಿನ ಕೈ ಕೂಡ ಹೊಸದು ಎಂದು ಯಾರೂ ಹೇಳಲಿಲ್ಲ. ಹೇಳಬೇಕಿತ್ತು, ಇದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹಿಕ್ಮತ್ ತನ್ನ ಕೈಲಾದದ್ದು ಮಾಡುತ್ತಿದ್ದಳು: ಪೊರೆ ಮೆತ್ತಗಿರುವವರನ್ನು, ಇನ್ನೊಂದು ಕಣ್ಣು ಚೆನ್ನಾಗಿರುವವರನ್ನು ಮಾತ್ರ ಆರಿಸಿ ಯಂತ್ರದ ಪಟ್ಟಿಗೆ ಹಾಕುತ್ತಿದ್ದಳು. ಹತ್ತು ಕಣ್ಣು ಆದವು. ಹತ್ತೂ ಚೆನ್ನಾಗಿ ಆದವು.

ಹನ್ನೊಂದನೆಯ ಕಣ್ಣು ಶಹಾತಾನದು.

ಕಫ್ರ್ ಸಿಲ್ಮಿ ಎಂಬ ಹಳ್ಳಿಯವನು, ಅರವತ್ತಾರು ವಯಸ್ಸು, ಮನೆಯ ಮಾಳಿಗೆಯ ಮೇಲೆ ಮರದ ಗೂಡು ಕಟ್ಟಿ ಪಾರಿವಾಳ ಸಾಕುತ್ತಿದ್ದ. ಎಡಗಣ್ಣು ಹುಡುಗನಾಗಿದ್ದಾಗಲೇ ಬೇನೆ ಬಂದು ಬಿಳಿಚಿಕೊಂಡಿತ್ತು. ಬಲಗಣ್ಣಿನಲ್ಲಿ ಈಗ ಪೊರೆ, ಖರ್ಜೂರದ ಬೀಜದಂತೆ ಕಂದುಗಟ್ಟಿ ಬಲಿತ ಪೊರೆ. ಕೇಸ್ ಕಾಗದದ ಮೇಲೆ ಹಿಕ್ಮತಳೇ ಕೆಂಪು ಶಾಯಿಯಲ್ಲಿ ‘ಒಂಟಿ ಕಣ್ಣು’ ಎಂದು ಬರೆದು ಅವನನ್ನು ಹಳೆಯ ಪದ್ಧತಿಯ ಪಟ್ಟಿಗೆ ಹಾಕಿದ್ದಳು.

“ಹಾಜಿ, ಅಲ್ಲಾಡದೆ ಮಲಗ್ಬೇಕು, ಆಯ್ತಾ?” ಎಂದು ಅವಳು ಕಣ್ಣಿಗೆ ಹನಿ ಹಾಕುತ್ತ ಕೇಳಿದಳು.

“ಹಾಜಿ ಗೀಜಿ ಅನ್ಬೇಡ ತಾಯಿ, ಮೆಕ್ಕಾ ದಾರಿ ಯಾವ ಕಡೆ ಅಂತಾನೂ ಗೊತ್ತಿಲ್ಲ ನನಗೆ. ನನಗೆ ಆಕಾಶ ಕಂಡ್ರೆ ಸಾಕು. ಪಕ್ಕದ ಮನೆ ಬಯೂಮಿ ಇದಾನಲ್ಲ, ನನ್ನ ಕಣ್ಣು ಮಂಜಾದಾಗಿಂದ ಅವನ ಹಕ್ಕಿ ಬಿಟ್ಟು ನನ್ನ ಹಕ್ಕೀನ ಸೆಳ್ಕೊಳ್ತಾನೆ. ಇಪ್ಪತ್ನಾಲ್ಕಿವೆ ನನ್ನವು. ಒಂದೊಂದರ ರೆಕ್ಕೆನೂ ನನಗೆ ಗೊತ್ತು. ಕಣ್ಣು ಬರ್ಲಿ, ಆ ಕಳ್ಳನ ಮೀಸೆ ಬೋಳಿಸ್ತೀನಿ.”

ಪಕ್ಕದ ಮಂಚದವರೆಲ್ಲ ನಕ್ಕರು. ಹಿಕ್ಮತಳೂ ನಕ್ಕಳು.

ಅವತ್ತೇ ಫಿಕ್ರಿ ಬೇ ಬರಬೇಕೆ! ಪತ್ರಿಕೆಯ ಫೋಟೋದವನನ್ನೂ ಕಟ್ಟಿಕೊಂಡು ಬಂದ. ಹಸಿರು ಗೌನು ಹಾಕಿಸಿ, ಆಪರೇಷನ್ ಕೋಣೆಯ ಮೂಲೆಯಲ್ಲಿ ಪರದೆಯ ಎದುರು ಕುರ್ಚಿ ಹಾಕಿ ಕೂರಿಸಿದರು. ಯಂತ್ರಕ್ಕೆಂದು ಆರಿಸಿಟ್ಟಿದ್ದ ಹೆಂಗಸಿಗೆ ಅಷ್ಟು ಜನರನ್ನು ನೋಡಿಯೇ ರಕ್ತದೊತ್ತಡ ಏರಿಬಿಟ್ಟಿತು. ಅವಳನ್ನು ವಾಪಸು ಕಳಿಸಿದರು. “ಬೇ ಸಾಹೇಬ್ರು ಕಾಯ್ತಾ ಇದಾರೆ. ಬೇರೆ ಯಾರಾದ್ರೂ ಇದ್ರೆ ಬೇಗ ಕರ್ಕೊಂಡು ಬನ್ನಿ” ಎಂದರು ವಸ್ಫಿ. ಹನಿ ಹಾಕಿ, ಚುಚ್ಚುಮದ್ದು ಕೊಟ್ಟು, ಸಿದ್ಧವಾಗಿ ಮಲಗಿದ್ದವನು ಶಹಾತಾ ಒಬ್ಬನೇ. ಹಿಕ್ಮತ್ ಅವನನ್ನೇ ತಂದಳು.

ತಂದವಳು ಸುಮ್ಮನಿರಲಿಲ್ಲ. ಡಾಕ್ಟರ ಕಿವಿಯ ಹತ್ತಿರ, “ಇದು ಹಳೇ ಪಟ್ಟಿಯ ಕಣ್ಣು. ಗಟ್ಟಿ ಇದೆ. ಇನ್ನೊಂದು ಕಣ್ಣಿಲ್ಲ” ಎಂದಳು.

ವಸ್ಫಿ ಕೆಂಪು ಶಾಯಿಯನ್ನು ನೋಡಿದರು. ಮೂಲೆಯ ಕುರ್ಚಿಯನ್ನೂ ನೋಡಿದರು. “ಹಳೇ ತಟ್ಟೆ ಪಕ್ಕದಲ್ಲಿದೆಯಲ್ಲ. ನೀವೂ ಇದೀರಲ್ಲ” ಎಂದರು.

ಶಹಾತಾನನ್ನು ಯಾರೂ ಕೇಳಲಿಲ್ಲ. ಮುಖದ ಮೇಲೆ ಬಟ್ಟೆ ಬಿತ್ತು. ಕಣ್ಣೊಂದನ್ನು ಬಿಟ್ಟು ಉಳಿದ ಮನುಷ್ಯ ಮರೆಯಾದ. ಆದರೆ ಕಿವಿ ಇತ್ತು, ಎಚ್ಚರವಿತ್ತು. ಬಟ್ಟೆಯ ಕೆಳಗಿಂದ ಅವನು ಪಿಸುಗುಡುತ್ತ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದ.

ಮೊದಲ ಹತ್ತು ನಿಮಿಷ ಎಲ್ಲ ಸರಿಯಾಗಿತ್ತು. ಪೊರೆ ಎರಡಾಗಿ ಸೀಳಿತು. ಒಂದು ಅರ್ಧ ಪುಡಿಯಾಗಿ ಹೋಯಿತು. ಎರಡನೆಯ ಅರ್ಧ ಕಲ್ಲಿನಂತಿತ್ತು. ವಸ್ಫಿ ಕಾಲಿನಡಿಯ ಪೆಡಲನ್ನು ಇನ್ನಷ್ಟು ಒತ್ತಿದರು, ಯಂತ್ರದ ಸದ್ದು ಏರಿತು. ಆಗ ಹಿಕ್ಮತ್ ಪರದೆಯ ಮೇಲೆ ಕಂಡಳು: ಕಣ್ಣು ಆಳವಾಯಿತು. ಒಂದು ಕ್ಷಣದ ಹಿಂದೆ ತಟ್ಟೆಯಂತಿದ್ದದ್ದು ಬಟ್ಟಲಿನಂತಾಯಿತು. ಕಂದು ತುಂಡಿನ ಒಂದು ಅಂಚು ಮೆಲ್ಲಗೆ ಕೆಳಗೆ ವಾಲಿತು.

“ಡಾಕ್ಟ್ರೇ…” ಎಂದಳು.

“ಏನು?” ಎಂದರು ವಸ್ಫಿ, ಕಣ್ಣೆತ್ತದೆ.

ಫಿಕ್ರಿ ಬೇ ಪರದೆಯಿಂದ ಮುಖ ತಿರುಗಿಸಿ ಅವಳನ್ನು ನೋಡಿದ. ಫೋಟೋದವನೂ ನೋಡಿದ. ಹಳೇ ತಟ್ಟೆ ಎಂಬ ಎರಡು ಪದ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಅಂದುಬಿಟ್ಟರೆ ಏನಾಗುತ್ತಿತ್ತು? ಯಂತ್ರ ನಿಲ್ಲುತ್ತಿತ್ತು. ಇಪ್ಪತ್ತೆಂಟು ವರ್ಷದ ಹೆಸರಿನ ಡಾಕ್ಟರು, ಯಂತ್ರ ಕೊಟ್ಟವನ ಮುಂದೆ, ಫೋಟೋದವನ ಮುಂದೆ, ಒಬ್ಬ ನರ್ಸಿನ ಮಾತಿಗೆ ಕೈ ಹಿಂತೆಗೆಯಬೇಕಾಗುತ್ತಿತ್ತು. ಬಾಗಿಲು ಕಾಯುವವನ ಮಗಳು ಯಜಮಾನನ ಮಾನ ಮುಚ್ಚಿದಳು.

“ಏನಿಲ್ಲ” ಎಂದಳು.

ಯಂತ್ರ ಗುಂಯ್‌ಗುಟ್ಟಿತು. ವಾಲಿದ ತುಂಡು ಇನ್ನೂ ವಾಲಿತು, ನಿಂತಂತೆ ಮಾಡಿತು, ಆಮೇಲೆ ಸದ್ದಿಲ್ಲದೆ ಮುಳುಗಿಹೋಯಿತು. ಪರದೆಯ ತುಂಬ ಕಪ್ಪು, ಸ್ವಚ್ಛ, ಖಾಲಿ.

“ಹೋಯ್ತು! ಪೊರೆ ಹೋಯ್ತು!” ಎಂದು ಫಿಕ್ರಿ ಬೇ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದ. “ಸುಭಾನಲ್ಲಾ! ಎಷ್ಟು ಬೇಗ! ನೋಡಿದ್ರಾ? ನಾನು ಹೇಳ್ಲಿಲ್ವಾ?”

ಬಟ್ಟೆಯ ಕೆಳಗಿಂದ ಶಹಾತಾನ ದನಿ ಬಂತು: “ಆಗೋಯ್ತಾ? ದೇವರು ದೊಡ್ಡವನು. ನಿಮ್ಮ ಕೈ ತಣ್ಣಗಿರ್ಲಿ ಡಾಕ್ಟ್ರೇ.”

ಚಪ್ಪಾಳೆಯ ಸದ್ದು ಆ ಟೈಲ್ಸ್ ಹಾಕಿದ ಗೋಡೆಗಳಿಗೆ ಬಡಿದು ಬಡಿದು ಬರುತ್ತಿತ್ತು. ವಸ್ಫಿಯವರ ಕೈ ಕಣ್ಣಿನ ಮೇಲೆ ಗಾಳಿಯಲ್ಲಿ ನಿಂತಿತ್ತು. ಮುಖಗವಸಿನ ಮೇಲಿನ ಅವರ ಕಣ್ಣುಗಳು ಹಿಕ್ಮತಳ ಕಣ್ಣಿಗೆ ಸಿಕ್ಕವು. ಅಷ್ಟು ಹೆದರಿದ ಕಣ್ಣನ್ನು ಅವಳು ರೋಗಿಗಳಲ್ಲೂ ನೋಡಿರಲಿಲ್ಲ. ಇಬ್ಬರಲ್ಲಿ ಒಬ್ಬರೂ ಚಪ್ಪಾಳೆ ನಿಲ್ಲಿಸಿ ಎನ್ನಲಿಲ್ಲ. ಬೇ ಹೊರಗೆ ಹೋದ ಮೇಲೆ ವಸ್ಫಿ ಒಳಗಿನದನ್ನು ಶುದ್ಧ ಮಾಡಿ, ಕೃತಕ ಲೆನ್ಸ್ ಕೂರಿಸದೆ, ಹೊಲಿಗೆ ಹಾಕಿ ಮುಚ್ಚಿದರು. ಹಳೆಯ ತಟ್ಟೆಯ ಹಸಿರು ಬಟ್ಟೆಯನ್ನು ತೆಗೆದದ್ದು ಆ ಹೊಲಿಗೆಗಾಗಿ ಮಾತ್ರ.

ಕೈ ತೊಳೆಯುವ ತೊಟ್ಟಿಯ ಹತ್ತಿರ ಅವರು ಬಹಳ ಹೊತ್ತು ನೀರು ಬಿಟ್ಟುಕೊಂಡು ನಿಂತರು. ಕೊನೆಗೆ, “ನಿಮಗೆ ಮೊದಲೇ ಕಾಣಿಸ್ತಾ?” ಎಂದು ಕೇಳಿದರು.

“ಇಲ್ಲ ಡಾಕ್ಟ್ರೇ.”

“ನನಗೂ ಕಾಣಿಸ್ಲಿಲ್ಲ” ಎಂದರು.

ಈಗ ಅವಳು ಮುಚ್ಚಿದ್ದು ತನ್ನ ಮಾನವನ್ನು. ಅದು ಅವಳಿಗೂ ಗೊತ್ತಾಯಿತು.

ಶಹಾತಾನ ಮಗ ರಗಬನಿಗೆ ವಸ್ಫಿ ಕಾರಿಡಾರಿನಲ್ಲಿ ನಿಂತು ಹೇಳಿದರು: ಪೊರೆ ವಿಪರೀತ ಬಲಿತಿತ್ತು, ಒಂದು ತುಂಡು ಹಿಂದಕ್ಕೆ ಬಿದ್ದಿದೆ, ಅಲೆಕ್ಸಾಂಡ್ರಿಯಾದಲ್ಲಿ ತೆಗೆಸಬೇಕು, ಎಲ್ಲ ದೇವರ ಇಚ್ಛೆ. ಸುಳ್ಳೇನೂ ಅಲ್ಲ. ರಗಬ ಅವರ ಕೈಗೆ ಮುತ್ತಿಟ್ಟ. ಅಲೆಕ್ಸಾಂಡ್ರಿಯಾದಲ್ಲಿ ಸರದಿ ಸಿಕ್ಕಿದ್ದು ಒಂಬತ್ತು ದಿನದ ಮೇಲೆ. ಅಷ್ಟರಲ್ಲಿ ಕಣ್ಣು ಬಾತುಕೊಂಡು, ಒತ್ತಡ ಏರಿ, ಹಿಂಬದಿಯ ಅಕ್ಷಿಪಟಲ ಕಳಚಿಕೊಂಡಿತ್ತು. ಬೆಳಕು ಯಾವುದು ನೆರಳು ಯಾವುದು ಅನ್ನುವಷ್ಟು ಉಳಿಯಿತು. ಇತ್ತ ಪತ್ರಿಕೆಯಲ್ಲಿ ಫೋಟೋ ಬಂತು: ನಡುವೆ ಫಿಕ್ರಿ ಬೇ, ಪಕ್ಕದಲ್ಲಿ ವಸ್ಫಿ, ಮುಂದೆ ಕುರ್ಚಿಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಹಲ್ಲು ಬಿಟ್ಟು ನಗುತ್ತಿರುವ ಶಹಾತಾ. ಅದಕ್ಕೆ ಚೌಕಟ್ಟು ಹಾಕಿಸಿ ಆಸ್ಪತ್ರೆಯ ಬಾಗಿಲಲ್ಲೇ ತೂಗುಹಾಕಿದರು. ಹಿಕ್ಮತ್ ದಿನಾ ಬೆಳಿಗ್ಗೆ ಅದರ ಕೆಳಗೇ ಹಾದು ಒಳಗೆ ಹೋಗಬೇಕಿತ್ತು. ಸೋಮವಾರದ ಯಂತ್ರ ಮಾತ್ರ ನಿಂತಿತ್ತು. ವಸ್ಫಿ ಅದಕ್ಕೆ ಬಟ್ಟೆ ಹೊದಿಸಿಟ್ಟಿದ್ದರು.

ಆರು ವಾರ ಅವಳಿಗೆ ಊಟ ರುಚಿಸಲಿಲ್ಲ. ಏಳನೆಯ ಶುಕ್ರವಾರ ಸಕ್ಕರೆ, ಟೀ ಪುಡಿ, ಕಿತ್ತಳೆ ಹಣ್ಣು ಕಟ್ಟಿಕೊಂಡು ಕಫ್ರ್ ಸಿಲ್ಮಿಗೆ ಹೋದಳು. ರಗಬ ಮನೆಯಲ್ಲಿರಲಿಲ್ಲ, ಪ್ರಾರ್ಥನೆಗೆ ಹೋಗಿದ್ದ. ಸೊಸೆ ಬಾಗಿಲು ತೆಗೆದು, “ಮಾಳಿಗೆ ಮೇಲಿದಾರೆ, ಹೋಗಿ” ಎಂದಳು.

ಶಹಾತಾ ಗೂಡಿನ ಬುಡದಲ್ಲಿ ಚಾಪೆ ಹಾಕಿಕೊಂಡು, ಮುಖ ಆಕಾಶಕ್ಕೆ ಎತ್ತಿ ಕೂತಿದ್ದ. ದನಿ ಕೇಳಿದ ತಕ್ಷಣ ಗುರುತು ಹಿಡಿದ.

“ಹಕೀಮಮ್ಮ! ಬಾ ತಾಯಿ, ಕೂತ್ಕೋ. ನನ್ನನ್ನ ನೋಡೋಕೆ ಬಂದೋಳು ನೀನೊಬ್ಳೇ.”

ಟೀ ಬಂತು. ಅವಳು ಲೋಟ ಹಿಡಿದು ಕೂತಳು. ಅತ್ತಿತ್ತಲ ಮಾತು ಒಂದಿಷ್ಟಾಯಿತು: ಚಳಿ, ಸೊಸೆಯ ಬಸಿರು, ಭತ್ತ. ಆಮೇಲೆ ಅವನು ಸಹಜವಾಗಿಯೇ ಕೇಳಿದ:

“ಒಂದು ಮಾತು ಕೇಳ್ಬೇಕು ಅಂತಿದ್ದೆ. ಅವತ್ತು ನೀನು ಡಾಕ್ಟ್ರೇ ಅಂದೆ. ಅವರು ಏನು ಅಂದ್ರು. ನೀನು ಏನಿಲ್ಲ ಅಂದೆ. ಆಮೇಲೇ ಅಲ್ವಾ ಚಪ್ಪಾಳೆ ಬಿದ್ದಿದ್ದು? ಮುಖದ ಮೇಲೆ ಬಟ್ಟೆ ಇತ್ತು, ಕಿವಿ ಮೇಲೆ ಇರ್ಲಿಲ್ಲ ತಾಯಿ. ಏನಿತ್ತು ಅದು?”

ಹಿಕ್ಮತ್ ಲೋಟವನ್ನು ಚಾಪೆಯ ಪಕ್ಕಕ್ಕಿಟ್ಟಳು. ಆರು ವಾರ ಅವಳು ಯಾರಿಗೆ ಹೆದರಿದ್ದಳೋ, ಅವನಿಗೆ ಏನೋ ಇತ್ತೆಂದು ಮೊದಲ ದಿನದಿಂದಲೂ ಗೊತ್ತಿತ್ತು. ಅವಳು ಒಂದೂ ಬಿಡದೆ ಹೇಳಿದಳು. ಹಳೆಯ ಪಟ್ಟಿಯಿಂದ ಅವನನ್ನು ಎತ್ತಿ ತಂದದ್ದು, ಡಾಕ್ಟರು ಇನ್ನೂ ಕಲಿಯುತ್ತಿದ್ದದ್ದು, ಅವನದು ಹನ್ನೊಂದನೆಯ ಕಣ್ಣು ಎಂಬುದು, ತುಂಡು ವಾಲಿದ್ದು ಕಂಡದ್ದು, ಕೊಟ್ಟ ಮಾತು, ಆಡದ ಮಾತು.

“ಎಷ್ಟು ಹೊತ್ತಿತ್ತು? ವಾಲಿದ್ದಕ್ಕೂ ಮುಳುಗಿದ್ದಕ್ಕೂ?”

“ಎರಡು ಪದ ಹೇಳೋವಷ್ಟು ಇತ್ತು.”

ಅವನು ಬಯ್ಯುತ್ತಾನೆ ಎಂದು ಕಾದಳು. ಬಯ್ದಿದ್ದರೆ ಹಗುರವಾಗುತ್ತಿತ್ತು. ಅವನು ಗೂಡಿನ ಬಾಗಿಲಿನ ಹಗ್ಗವನ್ನು ತಡಕಿ ಎಳೆದ. ರೆಕ್ಕೆಗಳು ಪಟಪಟನೆ ಬಡಿದು, ಪಾರಿವಾಳಗಳು ಅವರ ತಲೆಯ ಮೇಲೆ ಎದ್ದು, ಹತ್ತಿಯ ಹೊಲಗಳ ಕಡೆಗೆ ಒಂದು ಸುತ್ತು ಹೊಡೆದು ವಾಪಸು ಬಂದವು.

“ಎಣಿಸು” ಎಂದ.

ಅವಳು ಎಣಿಸಿದಳು. ಮತ್ತೆ ಎಣಿಸಿದಳು. ಅವನ ಮುಖ ಮೇಲಕ್ಕೆತ್ತಿತ್ತು, ತುಟಿಯಲ್ಲಿ ಸಣ್ಣ ನಗುವಿತ್ತು. ಇಪ್ಪತ್ನಾಲ್ಕು ಎಂದು ಹೇಳಿಬಿಡುವುದು ಎಷ್ಟು ಸುಲಭವಾಗಿತ್ತು! ಅವಳಪ್ಪ ಇದ್ದಿದ್ದರೆ ಖಂಡಿತ ಹಾಗೆಯೇ ಹೇಳುತ್ತಿದ್ದ.

“ಹತ್ತೊಂಬತ್ತು” ಎಂದಳು.

ನಗು ಹೋಯಿತು.

“ನನ್ನ ಮಗ ದಿನಾ ಸಂಜೆ ಎಣಿಸ್ತಾನೆ. ದಿನಾ ಇಪ್ಪತ್ನಾಲ್ಕು ಅಂತಾನೆ” ಎಂದ. “ಒಳ್ಳೇ ಮಗ ಅವನು. ನಿಮ್ಮ ಡಾಕ್ಟ್ರೂ ಒಳ್ಳೆಯವರಂತೆ. ನೀನೂ ಒಳ್ಳೇ ಹೆಂಗಸು. ಒಳ್ಳೆಯವರೆಲ್ಲಾ ಸೇರಿ ನನ್ನನ್ನ ಕುರುಡ ಮಾಡಿದ್ರಿ.”

ಅವಳು ಹೊರಡಲು ಎದ್ದಾಗ ಅವನು ತಡೆಯಲಿಲ್ಲ. ಮೆಟ್ಟಿಲಿಗೆ ಕಾಲಿಟ್ಟ ಮೇಲೆ ಹಿಂದಿನಿಂದ ಕೂಗಿದ: “ಮುಂದಿನ ಶುಕ್ರವಾರ ಬಾ. ಎಣಿಸೋಕೆ ಯಾರಾದ್ರೂ ಬೇಕು ನನಗೆ.”

ಶನಿವಾರ ಬೆಳಿಗ್ಗೆ ಅವಳು ಬಾಗಿಲಲ್ಲಿ ತೂಗುತ್ತಿದ್ದ ಫೋಟೋವನ್ನು ಮೊಳೆಯಿಂದ ಕಳಚಿ, ಕಂಕುಳಲ್ಲಿಟ್ಟುಕೊಂಡು ಡಾಕ್ಟರ ಕೋಣೆಗೆ ಹೋದಳು. ವಸ್ಫಿ ಟೀ ಕುಡಿಯುತ್ತ ಸೋಮವಾರದ ಪಟ್ಟಿ ನೋಡುತ್ತಿದ್ದರು. ಯಂತ್ರವನ್ನು ಮತ್ತೆ ಶುರು ಮಾಡಿ ಎಂದು ಬೇ ಹೇಳಿ ಕಳಿಸಿದ್ದ. ಟ್ರಸ್ಟಿನ ಗುಮಾಸ್ತ, ಇಬ್ಬರು ಕಿರಿಯ ಡಾಕ್ಟರುಗಳು ಎದುರಿಗೇ ಕೂತಿದ್ದರು. ಹಿಕ್ಮತ್ ಬಾಗಿಲು ಮುಚ್ಚಲಿಲ್ಲ.

“ಡಾಕ್ಟ್ರೇ…” ಎಂದಳು.

“ಏನು?” ಎಂದರು ವಸ್ಫಿ, ಕಣ್ಣೆತ್ತದೆ.

“ನನಗೆ ಮೊದಲೇ ಕಾಣಿಸಿತ್ತು” ಎಂದಳು.